ಮಂಡಿನೋವಿಗೆ ಗಾಂಜಾ ಮುಲಾಮು?

ಪ್ರಶ್ನೆ: ಗಾಂಜಾ ಗಿಡದಿಂದ ಮನೆಯಲ್ಲೇ ನೋವಿನ ಮುಲಾಮು ಮಾಡಿಕೊಳ್ಳಬಹುದೇ?
– ಓದುಗರು, ವೈದ್ಯನಾಥಪುರ, ಮದ್ದೂರು ತಾ.

ಉತ್ತರ: ಬೇಡ. ಶಿಂಷಾ ದಡದ ವೈದ್ಯನಾಥೇಶ್ವರನ ಊರಿನವರು ಮದ್ದು ಕೇಳುವುದು ಸಹಜವೇ. ಆದರೆ ಪರವಾನಗಿ ಇಲ್ಲದೆ ಹಿತ್ತಲಲ್ಲಿ ಒಂದೇ ಗಿಡ ಬೆಳೆಸಿದರೂ 1985ರ ಮಾದಕವಸ್ತು ಕಾಯ್ದೆಯಡಿ ಅಪರಾಧ, ಔಷಧಿಗೆಂದರೂ ಬಿಡುವುದಿಲ್ಲ. ಆಯುರ್ವೇದ ಇದನ್ನು ‘ವಿಜಯಾ’ ಎನ್ನುತ್ತದೆ. ಪರವಾನಗಿ ಪಡೆದ ತಯಾರಕರ ಔಷಧವನ್ನು ವೈದ್ಯರ ಚೀಟಿಯಂತೆ ಬಳಸಬಹುದು. ಹಚ್ಚಿದರೆ ನೋವು ಹೋಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಂತೂ ಇನ್ನೂ ಕಮ್ಮಿಯೇ.

ಬೇಲಿಸಾಲಿನ ಲಕ್ಕಿಸೊಪ್ಪು ಇದೆಯಲ್ಲ! ಅದನ್ನು ಜಜ್ಜಿ, ಎಳ್ಳೆಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಚಟಪಟ ಸದ್ದು ನಿಲ್ಲುವವರೆಗೆ ಕಾಯಿಸಿ ಸೋಸಿ. 5 ಚಮಚ ಬಿಸಿ ಎಣ್ಣೆಗೆ 1 ಚಮಚ ಜೇನುಮೇಣ ಕರಗಿಸಿ ಆರಲು ಬಿಟ್ಟರೆ ಮುಲಾಮು. ಗಾಯದ ಮೇಲೆ ಹಚ್ಚಬೇಡಿ. ಮಂಡಿ ಊದಿ ಬಿಸಿಯಾಗಿದ್ದರೆ ಮುಲಾಮು ಬದಿಗಿಟ್ಟು ಡಾಕ್ಟರಿಗೆ ತೋರಿಸಿ.