ಐಎಸ್‌ಐ ಮುದ್ರೆಯೂ ಚನ್ನಪಟ್ಟಣದ ಬೊಂಬೆಯೂ

ಭಾರತದಲ್ಲಿ 2021ರ ಜನವರಿ 1ರಿಂದ ಐಎಸ್‌ಐ ಮುದ್ರೆಯಿಲ್ಲದ ಆಟಿಕೆಯನ್ನು ತಯಾರಿಸುವುದಕ್ಕಾಗಲಿ, ಆಮದು ಮಾಡಿಕೊಳ್ಳುವುದಕ್ಕಾಗಲಿ, ಮಾರುವುದಕ್ಕಾಗಲಿ ಅವಕಾಶವಿಲ್ಲ. ಕೇಂದ್ರ ಸರ್ಕಾರವು 2020ರ ಫೆಬ್ರವರಿಯಲ್ಲಿ ಹೊರಡಿಸಿದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶವು, ಹದಿನಾಲ್ಕು ವರ್ಷದೊಳಗಿನ ಮಕ್ಕಳು ಆಡಲೆಂದು ಮಾಡಿದ ವಸ್ತುಗಳೆಲ್ಲವೂ ಭಾರತೀಯ ಮಾನಕ ಬ್ಯೂರೊ, ಅಂದರೆ ಬಿಐಎಸ್, ನೀಡುವ ಪರವಾನಗಿಯೊಡನೆಯೇ ಮಾರುಕಟ್ಟೆಗೆ ಬರಬೇಕೆಂದು ವಿಧಿಸಿತು. ಇದಕ್ಕೆ ಕಾರಣ ಮುಖ್ಯವಾಗಿ ವಿದೇಶಿ ಸರಕು: ಭಾರತೀಯ ಗುಣಮಟ್ಟ ಮಂಡಳಿಯು 2019ರಲ್ಲಿ ಆಮದು ಆಟಿಕೆಗಳ ಮಾದರಿಗಳನ್ನು ಪರೀಕ್ಷೆಗೆ ಒಳಪಡಿಸಿದಾಗ ಅವುಗಳಲ್ಲಿ ಸುಮಾರು ಶೇ 67ರಷ್ಟು ಸುರಕ್ಷತಾ ಮಾನದಂಡ ಮುಟ್ಟಲು ವಿಫಲವಾಗಿದ್ದವು. ಆದೇಶದ ಜೊತೆಜೊತೆಗೇ ಆಟಿಕೆಗಳ ಆಮದು ಸುಂಕವು ಶೇ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು.

ಆಮದುದಾರರನ್ನು ಗುರಿಯಾಗಿಟ್ಟುಕೊಂಡು ಬರೆದ ಈ ನಿಯಮ, ಬೆಂಗಳೂರು–ಮೈಸೂರು ರಸ್ತೆಯ ಬೊಂಬೆಗಳ ಊರಾದ ಚನ್ನಪಟ್ಟಣಕ್ಕೂ ಅಕ್ಷರಶಃ ಅನ್ವಯವಾಗುತ್ತಿತ್ತು. ಇಲ್ಲಿನ ಕುಶಲಕರ್ಮಿ ಹಾಲೆ ಮರದ ತುಂಡನ್ನು ಲೇತಿಗೆ ಕೊಟ್ಟು ಉಳಿಯಿಂದ ರೂಪ ಬಿಡಿಸಿ, ತಿರುಗುತ್ತಿರುವ ಆ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ, ತಿಕ್ಕಾಟದ ಶಾಖಕ್ಕೆ ಅರಗು ಕರಗಿ ಮೈಗೆಲ್ಲ ಹತ್ತಿಕೊಳ್ಳುತ್ತದೆ. ಬಿಐಎಸ್ ಅನುಸರಿಸುವ ಐಎಸ್ 9873 ಎಂಬ ಮಾನದಂಡವಾದರೋ ಆಟಿಕೆಯ ಅಂಚು ಚುಚ್ಚುವುದೇ, ಬಿಡಿಭಾಗ ಕಳಚಿ ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳುವುದೇ, ಬೇಗ ಬೆಂಕಿ ಹೊತ್ತಿಕೊಳ್ಳುವುದೇ, ಬಣ್ಣದಿಂದ ಸೀಸ, ಪಾದರಸ, ಕ್ಯಾಡ್ಮಿಯಂನಂತಹ ಲೋಹಗಳು ಹೊರಬರುವುವೇ ಎಂಬುದನ್ನೆಲ್ಲ ಪ್ರಯೋಗಾಲಯದಲ್ಲಿ ಅಳೆಯುತ್ತದೆ. ಒಂದೇ ಅಚ್ಚಿನಲ್ಲಿ ಲಕ್ಷಗಟ್ಟಲೆ ಎರಕ ಹೊಯ್ಯುವ ಕಾರ್ಖಾನೆಗೆ ಇಂತಹ ಪರೀಕ್ಷೆಯ ಖರ್ಚು ದೊಡ್ಡದಲ್ಲ. ಮನೆಯ ಮುಂಗೋಣೆಯಲ್ಲಿ ಒಂದೆರಡು ಲೇತು ಇಟ್ಟುಕೊಂಡು, ಬೇಡಿಕೆ ಬಂದಂತೆ ಬಗೆಬಗೆಯ ಬೊಂಬೆ ಮಾಡುವವರಿಗೆ ಅದು ಹೊರಲಾರದ ಹೊರೆ.

ಆದೇಶ ಜಾರಿಯಾಗುವ ಮುನ್ನವೇ, 2020ರ ಡಿಸೆಂಬರ್‌ನಲ್ಲಿ, ಸರ್ಕಾರವು ತಿದ್ದುಪಡಿಯ ಮೂಲಕ ಎರಡು ವಿನಾಯಿತಿಗಳನ್ನು ನೀಡಿತು. ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ತಯಾರಿಸಿ ಮಾರುವ ಆಟಿಕೆಗಳಿಗೆ ಮೊದಲನೆಯದು ಅನ್ವಯಿಸುತ್ತದೆ. ಎರಡನೆಯದು ಭೌಗೋಳಿಕ ಸೂಚಕ, ಅಂದರೆ ಜನಬಳಕೆಯ ಮಾತಿನಲ್ಲಿ ಜಿಐ ಟ್ಯಾಗ್, ಪಡೆದ ಆಟಿಕೆಗಳಿಗೆ ಸಂಬಂಧಿಸಿದ್ದು. ಒಂದು ವಸ್ತುವಿನ ಗುಣ ಅಥವಾ ಖ್ಯಾತಿ ಅದು ಹುಟ್ಟಿದ ನೆಲಕ್ಕೆ ಅಂಟಿಕೊಂಡಿದ್ದರೆ ಆ ನೆಲದ ಹೆಸರನ್ನು ಅನ್ಯರು ಬಳಸದಂತೆ ತಡೆಯುವ ಈ ಹಕ್ಕನ್ನು 1999ರ ಕಾಯ್ದೆ ರೂಪಿಸಿತು. ಚನ್ನಪಟ್ಟಣದ ಆಟಿಕೆ ಮತ್ತು ಬೊಂಬೆಗಳು 2005–06ರಲ್ಲಿ ಅದರಡಿ ನೋಂದಣಿಯಾದವು.

ಸಾಮಾನ್ಯವಾಗಿ ಗಮನಕ್ಕೆ ಬಾರದ ಸಂಗತಿಯೊಂದು ಇಲ್ಲಿದೆ. ಊರಿಗೆ ಜಿಐ ದೊರೆತ ಮಾತ್ರಕ್ಕೆ ಊರಿನ ಪ್ರತಿ ತಯಾರಕನಿಗೂ ಅದು ತಾನಾಗಿ ದಕ್ಕುವುದಿಲ್ಲ. ನೋಂದಾಯಿತ ಮಾಲೀಕತ್ವ ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ್ದು; ತಯಾರಕನಾದವನು ಬೇರೆಯಾಗಿ ಅರ್ಜಿ ಸಲ್ಲಿಸಿ 'ಅಧಿಕೃತ ಬಳಕೆದಾರ'ನೆಂದು ದಾಖಲಾಗಬೇಕು. ಎರಡನೆಯ ವಿನಾಯಿತಿಯೂ ಮಾಲೀಕ ಮತ್ತು ಅಧಿಕೃತ ಬಳಕೆದಾರರಿಗಷ್ಟೇ ಮೀಸಲು. ಈ ಅರ್ಜಿಯ ಶುಲ್ಕವನ್ನು 2020ರಲ್ಲಿ 500 ರೂಪಾಯಿಯಿಂದ 10 ರೂಪಾಯಿಗೆ ಇಳಿಸಿದ್ದು ಸಣ್ಣ ಬದಲಾವಣೆಯಂತೆ ಕಂಡರೂ, ಅದುವರೆಗೆ ಗೌರವದ ಗುರುತಾಗಿದ್ದ ದಾಖಲೆಯೊಂದು ವ್ಯಾಪಾರದ ಅರ್ಹತೆಯಾಗಿ ಮಾರ್ಪಟ್ಟ ವರ್ಷದಲ್ಲಿಯೇ ಅದು ನಡೆದದ್ದರಿಂದ ಮಹತ್ವದ್ದು. ಜಿಐ ಸಿಕ್ಕ ಸುದ್ದಿಗೆ ಆಗುವ ಸದ್ದು ಈ ಎರಡನೆಯ ಹಂತಕ್ಕೆ ಆಗುವುದಿಲ್ಲವೆಂಬುದು ಬೇರೆ ಮಾತು. ಎರಡೂ ಪಟ್ಟಿಗಳ ಹೊರಗುಳಿದವನು ಅದೇ ಮರ, ಅದೇ ಅರಗಿನಿಂದ ಅದೇ ಬೊಂಬೆ ಮಾಡಿದರೂ, ಕಾನೂನಿನ ಕಣ್ಣಿಗೆ ಪರವಾನಗಿಯಿಲ್ಲದ ತಯಾರಕನೇ. ಕುಶಲಕರ್ಮಿ 'ತಯಾರಿಸಿ ಮಾರುವ' ಸರಕು ಎಂಬ ಷರತ್ತಿನಿಂದಾಗಿ, ಹಲವು ಮನೆಗಳಿಂದ ಬೊಂಬೆ ಕೊಂಡು ತನ್ನ ಹೆಸರಿನಲ್ಲಿ ಮಾರುವ ವರ್ತಕನೂ ಮೊದಲನೆಯ ವಿನಾಯಿತಿಯನ್ನೇ ನಂಬಿಕೊಂಡು ಕೂರುವುದು ಜಾಣತನವಲ್ಲ.

ಮುದ್ರೆಯಿಂದ ಸಿಕ್ಕ ವಿನಾಯಿತಿ ಹೊಣೆಯಿಂದ ಸಿಕ್ಕ ವಿನಾಯಿತಿಯೂ ಅಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019, ದೋಷಯುಕ್ತ ಉತ್ಪನ್ನದಿಂದ ಹಾನಿಯಾದರೆ ತಯಾರಕನಿಂದಲೂ ಕೆಲವು ಸಂದರ್ಭಗಳಲ್ಲಿ ಮಾರಾಟಗಾರನಿಂದಲೂ ಪರಿಹಾರ ಕೇಳುವ ಹಕ್ಕನ್ನು ಕೊಂಡವರಿಗೆ ನೀಡಿದೆ. ವಿದೇಶಕ್ಕೆ ಹೋಗುವ ಬೊಂಬೆಗೆ ಭಾರತದ ವಿನಾಯಿತಿ ಯಾವ ನೆರವನ್ನೂ ನೀಡದು. ಯುರೋಪಿನಲ್ಲಿ ಸಿಇ ಗುರುತು, ಅಮೆರಿಕದಲ್ಲಿ ಸ್ವತಂತ್ರ ಪ್ರಯೋಗಾಲಯದ ಪರೀಕ್ಷೆ ಕಡ್ಡಾಯ. ಅರಿಸಿನದಂತಹ ಸಸ್ಯಜನ್ಯ ಬಣ್ಣಗಳಿಗೆ ಮರಳಿದವರಿಗೆ ಈ ಪರೀಕ್ಷೆಗಳಲ್ಲಿ ಸೀಸದ ಭಯ ಕಡಿಮೆ.

ತೆರಿಗೆಯ ಕಡೆಯಿಂದ ಬಂದದ್ದು ನೇರವಾದ ಲಾಭ: ಎಲೆಕ್ಟ್ರಾನಿಕ್ ಅಲ್ಲದ ಆಟಿಕೆಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರ ಬದಲು ಶೇ 5. ಹಣ ವಸೂಲಿಯ ವಿಷಯದಲ್ಲಿ ಮಾತ್ರ ಮತ್ತೆ ದಾಖಲೆಯ ಪ್ರಶ್ನೆಯೇ ಎದುರಾಗುತ್ತದೆ. ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಸರಕು ಪಡೆದವರು ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ, ಇದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಬೇಕೆಂಬುದು ಈ ಉದ್ಯಮಗಳಿಗೆಂದೇ ರೂಪಿಸಿದ 2006ರ ಕಾಯ್ದೆಯ ನಿಯಮ. ತಡಮಾಡಿದವರು ಆ ಮೊತ್ತವನ್ನು ಪಾವತಿಸಿದ ವರ್ಷದಲ್ಲಷ್ಟೇ ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ತೋರಿಸಬಹುದೆಂದು 2023ರ ಹಣಕಾಸು ಕಾಯ್ದೆ ಬಿಗಿಗೊಳಿಸಿತು. ಬೆಂಗಳೂರಿನ ಅಂಗಡಿಗೆ ಬೊಂಬೆ ಕಳಿಸುವ ತಯಾರಕ ಈ ನಿಯಮಗಳ ಬಲದಿಂದ ಹಣ ಕೇಳಬೇಕಾದರೆ ತನ್ನದು ಸಣ್ಣ ಉದ್ಯಮವೆಂದು ದಾಖಲಿಸುವ ಉದ್ಯಮ್ ನೋಂದಣಿಯೂ ಸರಕು ಕೊಟ್ಟ ದಿನಾಂಕವಿರುವ ಬಿಲ್ಲೂ ಅವನ ಕೈಯಲ್ಲಿರಬೇಕು.