ಕ್ಯಾಪ್ಟನ್ ಕೋಟಿನ ಲ್ಯಾಪೆಲ್: ಗುಳ್ಳೆ ಎದ್ದರೆ ಯಾರ ತಪ್ಪು?



ನಮ್ಮ ಹೋಟೆಲುಗಳಲ್ಲಿ ಎ.ಸಿ. ಹಾಲ್, ಪಾರ್ಟಿ ಹಾಲ್ ಬಂದ ಮೇಲೆ ಕ್ಯಾಪ್ಟನ್‌ಗಳಿಗೆ ಕೋಟು ಬಂತು. ಕೋಟು ಹೊಲಿಸುವಾಗ ನಾವು ಬಟ್ಟೆ, ಬಣ್ಣ, ದರ ಇಷ್ಟೇ ನೋಡುತ್ತೇವೆ. ಕಾಲರಿನ ಕೆಳಗೆ ಎದೆಯ ಮೇಲೆ ಹೊರಕ್ಕೆ ಮಡಚಿದ ಭಾಗವನ್ನು, ಅಂದರೆ ದರ್ಜಿಗಳು ಲ್ಯಾಪೆಲ್ ಎನ್ನುವುದನ್ನು, ಮುಟ್ಟಿಯೂ ನೋಡುವುದಿಲ್ಲ. ಗಿರಾಕಿಯ ಕಣ್ಣು ಮೊದಲು ಬೀಳುವುದು ಮಾತ್ರ ಅಲ್ಲಿಗೇ.

ಈ ಮಡಿಕೆ ಬರೀ ಅಲಂಕಾರಕ್ಕೆ ಹುಟ್ಟಿದ್ದಲ್ಲ. ಯುರೋಪಿನಲ್ಲಿ ಹಿಂದೆ ಕೋಟಿಗೆ ಕುತ್ತಿಗೆಯವರೆಗೂ ಗುಂಡಿ ಇರುತ್ತಿತ್ತು. ಸೆಕೆಯಾದರೆ ಮೇಲಿನ ಗುಂಡಿ ಬಿಚ್ಚಿ ಎರಡೂ ಬದಿ ಹೊರಕ್ಕೆ ಮಡಚುತ್ತಿದ್ದರು, ಅದೇ ರೂಢಿಯಾಯಿತು. ಎಡಬದಿಯಲ್ಲಿ ಗುಂಡಿಯಿಲ್ಲದ ಒಂದು ಕಾಜಾ ಇಂದಿಗೂ ಉಳಿದಿದೆ, ನೋಡಿ.

ಈಗ ನಮ್ಮ ಕಷ್ಟಕ್ಕೆ ಬರೋಣ. ಹೊಸ ಕೋಟು ಕೆಲವು ಸಲ ಲಾಂಡ್ರಿಗೆ ಹೋಗಿ ಬರುವಷ್ಟರಲ್ಲಿ ಲ್ಯಾಪೆಲ್ ಮೇಲೆ ಹಪ್ಪಳದಂತೆ ಗುಳ್ಳೆ ಏಳುತ್ತದೆ. ಕೂಡಲೇ ಹುಡುಗನನ್ನು ಗದರಿಸಿ ಸಂಬಳದಲ್ಲಿ ಹಿಡಿಯುವವರು ನಮ್ಮಲ್ಲಿದ್ದಾರೆ. ಇದು ಅನ್ಯಾಯ. ಅಗ್ಗದ ಕೋಟಿನಲ್ಲಿ ಒಳಗಿನ ಕ್ಯಾನ್ವಾಸನ್ನು ಹೊಲಿದಿರುವುದಿಲ್ಲ, ಬಿಸಿ ಪ್ರೆಸ್ಸಿನಲ್ಲಿ ಗೋಂದಿನಿಂದ ಅಂಟಿಸಿರುತ್ತಾರೆ. ಇದಕ್ಕೆ ಫ್ಯೂಸಿಂಗ್ ಎನ್ನುತ್ತಾರೆ. ಅಂಟು ಚೆನ್ನಾಗಿದ್ದರೆ ಬಾಳುತ್ತದೆ, ಕಳಪೆಯಾದರೆ ನೀರು, ಶಾಖ ತಗಲಿ ಅಲ್ಲಲ್ಲಿ ಬಿಡುತ್ತದೆ. ಹುಡುಗ ಏನು ಮಾಡಿಯಾನು?

ಕೈಹೊಲಿಗೆಯ ಕ್ಯಾನ್ವಾಸ್ ದುಬಾರಿ, ಎಲ್ಲರಿಗೂ ಹೊಲಿಸಲಾಗದು. ಆದರೆ ಇಪ್ಪತ್ತು ಕೋಟಿಗೆ ಆರ್ಡರ್ ಕೊಡುವ ಮೊದಲು ಒಂದನ್ನು ತರಿಸಿ, ನಿಮ್ಮ ಲಾಂಡ್ರಿಯಲ್ಲೇ ನಾಲ್ಕೈದು ಸಲ ಒಗೆಸಿ ನೋಡಿ. ತಲೆಗೆ ಎರಡು ಕೋಟು ಕೊಡಿ. ಸಾಂಬಾರು ಬಿದ್ದರೆ ಉಜ್ಜದೆ ಒದ್ದೆ ಬಟ್ಟೆಯಿಂದ ಒತ್ತಿ ತೆಗೆಯಬೇಕು. ಇಸ್ತ್ರಿಯನ್ನು ಲ್ಯಾಪೆಲಿನ ಹಿಂಬದಿಯಿಂದ, ಮೇಲೆ ತೆಳು ಬಟ್ಟೆ ಹಾಸಿ ಮಾಡಿಸಿ. ಮಡಿಕೆ ದುಂಡಗೆ ಹೊರಳಬೇಕು, ಪ್ಯಾಂಟಿನ ಗೆರೆಯಂತೆ ಒತ್ತಿದರೆ ಕೋಟಿನ ಜೀವವೇ ಹೋಯಿತು.

ಲ್ಯಾಪೆಲಿಗೆ ಹೆಸರಿನ ಬಿಲ್ಲೆ ಪಿನ್ನಿನಲ್ಲಿ ಚುಚ್ಚುವುದೂ ಬೇಡ. ಬಡಿಸಲು ಬಗ್ಗಿದಾಗ ಪಿನ್ನು ಪಾತ್ರೆಗೆ ಬಿದ್ದರೆ ಹೋಟೆಲಿನ ಹೆಸರೇ ಹೋದೀತು. ಕಸೂತಿ ಹಾಕಿಸಿ.

ಇಷ್ಟೆಲ್ಲ ಉಸಾಬರಿ ಬೇಡವೆಂದರೆ ಬಂದ್‌ಗಲಾ ಇದೆ. ಅದಕ್ಕೆ ಲ್ಯಾಪೆಲೂ ಇಲ್ಲ, ಟೈಯೂ ಬೇಡ. ಆದರೆ ಮುಂಬಯಿಯ ಮೇ ತಿಂಗಳಲ್ಲಿ, ಎ.ಸಿ. ಇಲ್ಲದ ಹಾಲಿನಲ್ಲಿ ಕುತ್ತಿಗೆವರೆಗೆ ಗುಂಡಿ ಹಾಕಿ ನಿಲ್ಲಿಸುವ ಮೊದಲು ನಾವೇ ಒಂದು ಗಂಟೆ ಅದನ್ನು ತೊಟ್ಟು ನೋಡುವುದು ಒಳ್ಳೆಯದು.