ಕುಂಚ ಪಂಪಾದಾಗ...

ಹತ್ತನೆಯ ತರಗತಿಯ ಕನ್ನಡ ಪರೀಕ್ಷೆ ಬರೆದವರಿಗೆಲ್ಲ ರೂಪಕಾಲಂಕಾರ ಗೊತ್ತು. ‘ಸೀತೆಯ ಮುಖ ಕಮಲದಂತಿದೆ’ ಎಂದರೆ ಉಪಮೆ. ‘ಸೀತೆಯ ಮುಖವೇ ಕಮಲ’ ಎಂದರೆ ರೂಪಕ. ಉಪಮೇಯ, ಉಪಮಾನಗಳನ್ನು ಗುರುತಿಸಿ ಅಂಕ ಗಿಟ್ಟಿಸಿದ ಮೇಲೆ ಅದನ್ನು ಮರೆತುಬಿಡುತ್ತೇವೆ. ಅದೇನಿದ್ದರೂ ಕವಿಗಳ ಸೊತ್ತು, ಕಚೇರಿ-ಕಾರ್ಖಾನೆಗಳಿಗೂ ಅದಕ್ಕೂ ಏನು ನಂಟು ಎಂದುಕೊಳ್ಳುತ್ತೇವೆ. ಆದರೆ ನುರಿತ ತಂತ್ರಜ್ಞರ ತಂಡಗಳು ದಾರಿಗಾಣದೆ ಕುಳಿತಿದ್ದಾಗ ಇದೇ ರೂಪಕ ಕೈಹಿಡಿದು ನಡೆಸಿದ್ದುಂಟು.

ಅಮೆರಿಕದ ಚಿಂತಕ ಡೊನಾಲ್ಡ್ ಶೋನ್ 1979ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಇಂಥ ಒಂದು ಪ್ರಸಂಗವನ್ನು ವಿವರಿಸಿದ್ದಾರೆ. ಬಣ್ಣ ಬಳಿಯುವ ಕುಂಚವನ್ನು ಕೃತಕ ಎಳೆಗಳಿಂದ ತಯಾರಿಸಲು ಸಂಶೋಧಕರ ತಂಡವೊಂದು ಹೆಣಗುತ್ತಿತ್ತು. ಪ್ರಾಣಿಗಳ ಕೂದಲಿನ ಕುಂಚ ನುಣ್ಣಗೆ ಬಳಿಯುತ್ತಿದ್ದರೆ, ಹೊಸ ಕುಂಚದಿಂದ ಬಣ್ಣ ಮುದ್ದೆಮುದ್ದೆಯಾಗಿ ಇಳಿಯುತ್ತಿತ್ತು. ಎಳೆಗಳ ತುದಿ ಸೀಳಿ ನೋಡಿದರು, ದಪ್ಪ ಬದಲಿಸಿ ನೋಡಿದರು. ಫಲ ಸಿಗಲಿಲ್ಲ. ಆಗ ಅವರಲ್ಲೊಬ್ಬರಿಗೆ ಹೊಳೆಯಿತು: ಕುಂಚವೂ ಒಂದು ಬಗೆಯ ಪಂಪು!

ಅಷ್ಟೇ ಮಾತು. ಆದರೆ ಎಲ್ಲರ ನೋಟವೂ ಬದಲಾಯಿತು. ಅಲ್ಲಿಯವರೆಗೆ ಎಳೆಗಳನ್ನೇ ನೋಡುತ್ತಿದ್ದವರು ಈಗ ಎಳೆಗಳ ನಡುವಿನ ಸಂದುಗಳನ್ನು ನೋಡತೊಡಗಿದರು. ಕುಂಚವನ್ನು ಗೋಡೆಗೆ ಒತ್ತಿದಾಗ ಎಳೆಗಳು ಬಾಗುತ್ತವೆ, ಸಂದುಗಳು ಕಿರಿದಾಗುತ್ತವೆ, ಅಲ್ಲಿದ್ದ ಬಣ್ಣ ಹೊರಗೆ ಹರಿಯುತ್ತದೆ. ಪ್ರಾಣಿಗಳ ಕೂದಲು ನಿಧಾನವಾಗಿ ಬಾಗುತ್ತಿತ್ತು. ಕೃತಕ ಎಳೆಗಳು ಒಮ್ಮೆಲೇ ಮಡಚಿದಂತೆ ಬಾಗುತ್ತಿದ್ದವು. ಕುಂಚ ಅದೇ, ತಂಡವೂ ಅದೇ. ಬದಲಾದದ್ದು ಅವರು ಕೇಳಿಕೊಂಡ ಪ್ರಶ್ನೆ. ಎಳೆಗಳು ಹೇಗೆ ಬಾಗಬೇಕು ಎಂಬ ಹೊಸ ದಾರಿಯಲ್ಲಿ ಅವರು ಯೋಚಿಸಲಾರಂಭಿಸಿದರು.

ಡಬ್ಬಿ ಹೇಳಿದ ಪಾಠ

ಇನ್ನೊಂದು ಪ್ರಸಂಗ ಜಪಾನಿನದು. ಇದನ್ನು 1991ರಲ್ಲಿ ಜಗತ್ತಿಗೆ ಪರಿಚಯಿಸಿದವರು ಇಕುಜಿರೊ ನೊನಾಕ ಎಂಬ ಪ್ರಾಧ್ಯಾಪಕರು. ಕ್ಯಾನನ್ ಕಂಪೆನಿಯ ತಂಡವೊಂದು ಮನೆಯಲ್ಲೂ ಇಟ್ಟುಕೊಳ್ಳಬಹುದಾದ ಪುಟ್ಟ ನಕಲು ಯಂತ್ರವನ್ನು ರೂಪಿಸಲು ಹೊರಟಿತ್ತು. ಅಕ್ಷರಗಳ ಬಿಂಬ ಮೂಡುವ ಉರುಳೆ ಅಥವಾ ‘ಡ್ರಮ್’ ಈ ಯಂತ್ರದ ಜೀವಾಳ. ಹೆಚ್ಚಿನ ರಿಪೇರಿಯ ತಾಪತ್ರಯವೂ ಅದರದ್ದೇ. ಆಗಾಗ ಬಿಸಾಡಿ ಹೊಸದನ್ನು ಹಾಕುವಂತಿದ್ದರೆ ಸಮಸ್ಯೆಯೇ ಇಲ್ಲ. ಆದರೆ ಅಷ್ಟು ಅಗ್ಗದ ಉರುಳೆಯನ್ನು ತಯಾರಿಸುವುದು ಹೇಗೆ?

ತಂಡದ ಮುಖ್ಯಸ್ಥ ಹಿರೋಶಿ ತನಾಕ ಒಂದು ದಿನ ಎಲ್ಲರಿಗೂ ಬಿಯರ್ ತರಿಸಿದರು. ಖಾಲಿ ಡಬ್ಬಿ ಕೈಯಲ್ಲಿ ಹಿಡಿದು, ಇದನ್ನು ಮಾಡಲು ಎಷ್ಟು ಖರ್ಚಾದೀತು ಎಂದು ಕೇಳಿದರು. ಡಬ್ಬಿಯೂ ಅಲ್ಯೂಮಿನಿಯಂ, ಉರುಳೆಯೂ ಅಲ್ಯೂಮಿನಿಯಂ; ಎರಡೂ ಕೊಳವೆಯಾಕಾರದವು. ಎರಡಕ್ಕೂ ಎಲ್ಲಿ ಸಾಮ್ಯವಿದೆ, ಎಲ್ಲಿ ಇಲ್ಲ ಎಂದು ತಂಡ ಚರ್ಚಿಸುತ್ತ ಹೋಯಿತು. ಕಡಿಮೆ ಖರ್ಚಿನ ಉರುಳೆಯ ತಯಾರಿಕಾ ವಿಧಾನ ಹುಟ್ಟಿದ್ದು ಆ ಚರ್ಚೆಯಿಂದ. 1982ರಲ್ಲಿ ಈ ಪುಟ್ಟ ಯಂತ್ರ ಮಾರುಕಟ್ಟೆಗೆ ಬಂತು. ಲೇಸರ್ ಪ್ರಿಂಟರುಗಳಲ್ಲಿ ಬಳಕೆದಾರರೇ ತೆಗೆದು ಹಾಕುವ ಕಾರ್ಟ್ರಿಜ್ ಇದೆಯಲ್ಲ, ಅದರ ಮೂಲವೂ ಇದೇ ಯೋಚನೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ತಂಡ ಸಾಮ್ಯವನ್ನಷ್ಟೇ ಅಲ್ಲ, ವ್ಯತ್ಯಾಸವನ್ನೂ ಹುಡುಕಿತು. ರೂಪಕ ದೀಪವಿದ್ದಂತೆ. ಬೆಳಕು ಬಿದ್ದಲ್ಲಿ ಕಾಣುತ್ತದೆ, ಉಳಿದದ್ದು ಕತ್ತಲಲ್ಲಿ ಉಳಿಯುತ್ತದೆ. 1986ರಲ್ಲಿ ಪ್ರಕಟವಾದ ‘ಇಮೇಜಸ್ ಆಫ್ ಆರ್ಗನೈಸೇಷನ್’ ಎಂಬ ಗ್ರಂಥದಲ್ಲಿ ಗ್ಯಾರೆತ್ ಮಾರ್ಗನ್ ಹೇಳುವುದೂ ಇದನ್ನೇ. ಕಚೇರಿಯನ್ನು ಯಂತ್ರವೆಂದು ಭಾವಿಸಿದರೆ ಶಿಸ್ತು ಕಾಣುತ್ತದೆ, ಆದರೆ ನೌಕರರು ಬರೀ ಬಿಡಿಭಾಗಗಳಾಗುತ್ತಾರೆ. ಜೀವಿಯೆಂದು ಭಾವಿಸಿದರೆ ಸುತ್ತಲಿನ ಪರಿಸರಕ್ಕೆ ಅದು ಹೊಂದಿಕೊಳ್ಳುವ ಬಗೆ ಕಣ್ಣಿಗೆ ಬೀಳುತ್ತದೆ.

ನೀವೂ ಮಾಡಿ ನೋಡಿ

ವಿದ್ಯಾರ್ಥಿಗಳು ಇದನ್ನು ತಮ್ಮ ಶಾಲೆಯಲ್ಲೇ ಪ್ರಯೋಗಿಸಬಹುದು. ಗ್ರಂಥಾಲಯಕ್ಕೆ ಯಾರೂ ಬರುವುದಿಲ್ಲ ಎನ್ನಿ. ನಾಲ್ಕೈದು ಮಂದಿ ಕುಳಿತು, ‘ನಮ್ಮ ಗ್ರಂಥಾಲಯ ಒಂದು ಸಂತೆ’ ಎಂದುಕೊಳ್ಳಿ. ಸಂತೆಯಲ್ಲಿ ಸರಕು ಬೀರುವಿನೊಳಗೆ ಇರುವುದಿಲ್ಲ, ಮುಟ್ಟಿ ನೋಡುವಂತೆ ಹರಡಿರುತ್ತದೆ. ಮಾರುವವರು ಕೂಗಿ ಕರೆಯುತ್ತಾರೆ. ವಾರಕ್ಕೊಂದು ದಿನ ನಿಗದಿಯಾಗಿರುತ್ತದೆ. ಹಾಗಾದರೆ ವಾರಕ್ಕೊಮ್ಮೆ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿ, ಓದಿದವರೇ ಅವುಗಳ ಬಗ್ಗೆ ನಾಲ್ಕು ಮಾತು ಹೇಳಿ ಗೆಳೆಯರನ್ನು ಕರೆಯಬಹುದಲ್ಲವೇ? ಇನ್ನು ವ್ಯತ್ಯಾಸ: ಸಂತೆಯಲ್ಲಿ ಕೊಂಡದ್ದು ವಾಪಸಾಗುವುದಿಲ್ಲ, ಪುಸ್ತಕ ವಾಪಸಾಗಲೇಬೇಕು. ಆದ್ದರಿಂದ ಲೆಕ್ಕದ ಪುಸ್ತಕ ಬಿಡುವಂತಿಲ್ಲ!

ತಂದೆ-ತಾಯಿಯರಿಗೂ ಒಂದು ಮಾತು. ನಮ್ಮ ಮನೆಗಳಲ್ಲೂ ರೂಪಕಗಳು ಸದ್ದಿಲ್ಲದೆ ಕೆಲಸ ಮಾಡುತ್ತಿರುತ್ತವೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎನ್ನುತ್ತೇವೆ. ಎಳವೆಯ ಶಿಸ್ತಿನ ಬೆಲೆಯನ್ನು ಅದು ತಿಳಿಸುತ್ತದೆ, ನಿಜ. ಆದರೆ ಮನುಷ್ಯ ಯಾವ ವಯಸ್ಸಿನಲ್ಲೂ ಕಲಿಯಬಲ್ಲ ಎಂಬುದನ್ನು ಮರೆಮಾಡುತ್ತದೆ. ಓದು ಎಂದರೆ ಓಟದ ಪಂದ್ಯ ಎಂದು ನಾವು ದಿನವೂ ಹೇಳುತ್ತಿದ್ದರೆ, ಮಗುವಿಗೆ ಪಕ್ಕದ ಬೆಂಚಿನವನು ಎದುರಾಳಿಯಾಗುತ್ತಾನೆ. ಗೆಳತಿಗೆ ಲೆಕ್ಕ ಹೇಳಿಕೊಡುವುದೂ ನಷ್ಟವೆನಿಸುತ್ತದೆ. ಅದೇ ಓದನ್ನು ಬೇಸಾಯವೆಂದು ಕಂಡರೆ? ರಾಗಿ ಮೂರ್ನಾಲ್ಕು ತಿಂಗಳಲ್ಲಿ ಕೈಗೆ ಬರುತ್ತದೆ, ತೆಂಗಿಗೆ ವರ್ಷಗಳೇ ಬೇಕು. ತೆಂಗು ಸೋತಿತೆಂದು ಯಾವ ರೈತನೂ ಹೇಳುವುದಿಲ್ಲ.

ಈ ಹೋಲಿಕೆಯೂ ಪೂರ್ಣವಲ್ಲ. ಪರೀಕ್ಷೆಯ ದಿನಾಂಕ ಯಾರಿಗೂ ಕಾಯುವುದಿಲ್ಲ. ಆದರೂ ಈ ಸಲ ಅಂಕಪಟ್ಟಿ ಮನೆಗೆ ಬಂದಾಗ, ಮಾತನಾಡುವ ಮುನ್ನ ಒಂದು ಕ್ಷಣ ಯೋಚಿಸಿ: ನಮ್ಮ ಕೈಯಲ್ಲಿರುವುದು ಯಾವ ದೀಪ? ಅದರ ಬೆಳಕಿನಲ್ಲಿ ನಮ್ಮ ಮಗು ಪೂರ್ತಿಯಾಗಿ ಕಾಣುತ್ತಿದೆಯೇ?